ಮೇಲಕ್ಕೆ ಹೋಗುವ ಬಾಣ

ಫೆಬ್ರವರಿ 3, ಸೋಮವಾರ

ಈ ಮೂರಂತಸ್ತಿನ ಮನೆಯ ಯಜಮಾನಿ ನಾನು. ಕೆಳಗೆ ಶಾಲಾ ಸಮವಸ್ತ್ರ ಹೊಲಿಯುವ ನಮ್ಮ ಕಾರ್ಖಾನೆ, ನಡುವೆ ನಾನು, ಮೇಲೆ ಮಗ ಮತ್ತು ಅವನ ಹೆಂಡತಿ. ಯಜಮಾನರು ತೀರಿಕೊಂಡಾಗ ಎರಡೇ ಮಷಿನ್ ಇದ್ದವು, ಉಳಿದದ್ದೆಲ್ಲ ನಾನು ಕಟ್ಟಿದ್ದು. ಹೈಸ್ಕೂಲಿನವರೆಗೆ ಓದಿದ್ದೇನೆ, ಆ ಓದು ನನಗೆ ಯಾವತ್ತೂ ಸಾಲದೆ ಬಂದಿಲ್ಲ. ಕೆಲಸದವರು ಎದುರಿಗೆ ದೊಡ್ಡಮ್ಮ ಅನ್ನುತ್ತಾರೆ, ಬೆನ್ನ ಹಿಂದೆ ಹೆಡ್‌ಮಿಸ್ ಅನ್ನುತ್ತಾರೆ. ಎರಡಕ್ಕೂ ನನ್ನ ಒಪ್ಪಿಗೆಯಿದೆ. ಈ ಮನೆಯಲ್ಲಿ ನನ್ನನ್ನು ಕೇಳದೆ ಯಾರೂ ಗೋಡೆಗೆ ಒಂದು ಮೊಳೆ ಹೊಡೆಯುವುದಿಲ್ಲ. ಇಂಟರ್‌ನೆಟ್ಟಿನ ರೂಟರ್ ಡಬ್ಬಿ ಕೂಡ ನನ್ನ ಕೋಣೆಯಲ್ಲೇ, ಬೀರುವಿನ ಮೇಲೆ ಕೂತಿದೆ.

ಇವತ್ತು ಆ ಡಬ್ಬಿಯ ಮೇಲೆ ದೂರು ಬಂತು. ಮಗ ಬಾಗಿಲಲ್ಲೇ ನಿಂತು, "ಅಮ್ಮ, ನೆಟ್ ಸರಿಯಿಲ್ಲ. ಇವಳ ಕೆಲಸಕ್ಕೆ ತೊಂದರೆ ಆಗ್ತಿದೆ" ಎಂದ.

"ಟೀವಿ ನೀರು ಹರಿದ ಹಾಗೆ ಬರ್ತಿದೆ. ಸರಿಯಿಲ್ಲ ಅಂದ್ರೆ ಏನರ್ಥ?" ಎಂದೆ. ಅವನಿಗೆ ಅರ್ಥ ಹೇಳಲು ಬರಲಿಲ್ಲ. ಅವನಿಗೆ ಯಾವುದು ತಾನೆ ನನ್ನೆದುರು ಹೇಳಲು ಬರುತ್ತದೆ!

ಮಗನ ಹೆಂಡತಿಯ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳುವುದಿಲ್ಲ. ಬಾಯಿಮಾತು ಕಲಿಯುವ ಮೊದಲೇ ಅವಳು ಕೈಮಾತು ಕಲಿತವಳು. ಈಗ ಬೇರೆ ಊರಿನ ಒಂದು ದೊಡ್ಡ ಆಸ್ಪತ್ರೆಗೆ ಮೇಲಿನ ಕೋಣೆಯಲ್ಲಿ ಕೂತೇ ಕೆಲಸ ಮಾಡುತ್ತಾಳೆ. ಕಿವಿ ಕೇಳದ ರೋಗಿ ಬಂದರೆ ಕಂಪ್ಯೂಟರಿನಲ್ಲಿ ಇವಳನ್ನು ಕರೆಯುತ್ತಾರೆ. ಡಾಕ್ಟರು ಆಡಿದ್ದನ್ನು ಇವಳು ಕೈಯಲ್ಲಿ ಹೇಳಬೇಕು, ರೋಗಿ ಕೈಯಲ್ಲಿ ಹೇಳಿದ್ದನ್ನು ಬಾಯಲ್ಲಿ ಹೇಳಬೇಕು. ಈ ತಿಂಗಳು ಪರೀಕ್ಷೆಯ ತಿಂಗಳು. ಒಪ್ಪಿಗೆಯಾದರೆ ಕಾಯಂ. ಆದರೆ ನಡುನಡುವೆ ಚಿತ್ರ ನಿಂತುಬಿಡುತ್ತದಂತೆ, ಆಸ್ಪತ್ರೆಯವರು ಒಮ್ಮೆ ಎಚ್ಚರಿಕೆ ಕೊಟ್ಟೂ ಆಗಿದೆಯಂತೆ.

ಇದನ್ನು ಯಾರೂ ಓದುವುದಿಲ್ಲವಾದ್ದರಿಂದ ಬರೆಯುತ್ತೇನೆ. ಅಂಗಿಗೆ ನೆಟ್ಟಗೆ ಒಂದು ಗುಂಡಿ ಹಾಕಲು ಬಾರದ ಕೈ ಅವು. ಅವನ್ನು ಗಾಳಿಯಲ್ಲಿ ಆಡಿಸಿದರೆ ಸಂಬಳ ಕೊಡುವವರಿದ್ದಾರೆ ಎಂದರೆ ಕಾಲ ಹೇಗಿದೆ ನೋಡಬೇಕು. ಆದರೆ ನನ್ನ ಮನೆಯ ನೆಟ್ ಸರಿಯಿಲ್ಲ ಎಂದು ಪರ ಊರಿನವರು ಹೇಳುವುದನ್ನು ನಾನು ಸಹಿಸುವುದಿಲ್ಲ. ನಾನೇ ನೋಡುತ್ತೇನೆ.

ಫೆಬ್ರವರಿ 5, ಬುಧವಾರ

ಡಬ್ಬಿಯ ಒಳಗೆ ಒಂದು ಪುಟ ಇದೆ! ಇಷ್ಟು ವರ್ಷ ನನ್ನ ತಲೆಯ ಹತ್ತಿರವೇ ಮಿಣಮಿಣ ಎನ್ನುತ್ತಿದ್ದರೂ ನನಗೆ ಗೊತ್ತಿರಲಿಲ್ಲ. ಡಬ್ಬಿಯ ತಳದಲ್ಲಿ ಅಂಟಿಸಿದ್ದ ಗುಟ್ಟಿನ ಪದವನ್ನು ಮಗ ಕಂಪ್ಯೂಟರಿನಲ್ಲಿ ಒತ್ತಿದ, ಬಾಗಿಲು ತೆರೆದ ಹಾಗೆ ತೆರೆದುಕೊಂಡಿತು. ನಮ್ಮ ಮನೆಯಲ್ಲಿ ನೆಟ್ ಬಳಸುವ ಎಲ್ಲದರ ಹೆಸರೂ ಅಲ್ಲಿತ್ತು. ಟೀವಿ, ಕಾರ್ಖಾನೆಯ ಕಂಪ್ಯೂಟರ್, ನನ್ನ ಟ್ಯಾಬ್, ಮಗನ ಫೋನು. ಬಟ್ಟೆ ಒಗೆಯುವ ಮಷಿನ್ ಕೂಡ!

"ಇದಕ್ಕೆ ಯಾರ ಹತ್ತಿರ ಮಾತು?" ಎಂದು ಕೇಳಿದೆ.

"ಅದನ್ನ ಮಾಡಿದ ಕಂಪೆನಿ ಹತ್ತಿರ, ಅಮ್ಮ."

"ನಮ್ಮ ಮನೆ ಕೊಳೆ ವಿಷಯ ಅವರಿಗೆ ಯಾಕೆ?"

ಪ್ರತಿ ಹೆಸರಿನ ಮುಂದೆ ಎರಡು ಬಾಣ. ಕೆಳಗೆ ಬರುವ ಬಾಣ ನೆಟ್ ಮನೆಗೆ ಬರುವುದು, ಮೇಲಕ್ಕೆ ಹೋಗುವ ಬಾಣ ಮನೆಯಿಂದ ಹೊರಗೆ ಹೋಗುವುದು. ಅದಕ್ಕೆ ಅಪ್‌ಲೋಡ್ ಎನ್ನುತ್ತಾರಂತೆ. ನಾನು ಬಹಳ ಹೊತ್ತು ಆ ಎರಡನೆಯ ಬಾಣವನ್ನೇ ನೋಡಿದೆ. ಬರುತ್ತದೆ ಎಂದು ಗೊತ್ತಿತ್ತು. ನಮ್ಮ ಗೋಡೆಗಳನ್ನು ದಾಟಿ, ಕಿಟಕಿ ಮುಚ್ಚಿದ್ದರೂ, ಈ ಮನೆಯಿಂದ ಹಗಲೂ ರಾತ್ರಿ ಏನೋ ಹೊರಟು ಹೋಗುತ್ತಿದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಟ್ರಾಫಿಕ್ ಎಂದು ಇನ್ನೊಂದು ಪುಟ. ಒಳಗೊಬ್ಬ ಪೊಲೀಸಿನವನು ನಿಂತಿದ್ದಾನೋ ಎಂದು ಕೇಳಿದೆ. ಹೆಚ್ಚುಕಡಿಮೆ ಹಾಗೆಯೇ ಅಂತೆ. ಯಾರು ಮೊದಲು ಹೋಗಬೇಕು, ಯಾರು ಕಾಯಬೇಕು ಎಂದು ನಾವು ಹೇಳಬಹುದು. ಅದಕ್ಕೂ ಮೊದಲು ನಮ್ಮ ಲೈನಿನ ವೇಗ ಎಷ್ಟು ಎಂದು ನಾವೇ ಬರೆದು ತಿಳಿಸಬೇಕು. ಮಗ ಅಳೆದು ನೋಡಿದ. ಬರುವುದು ನೂರು, ಹೋಗುವುದು ಹತ್ತು.

"ಹತ್ತು ಅಂತ ಬರೀತೀಯಾ?" ಎಂದೆ.

"ಇರೋದೇ ಹತ್ತು, ಅಮ್ಮ."

"ಎದುರು ಮನೆಯವರದ್ದೇ ಇಪ್ಪತ್ತಂತೆ. ಐವತ್ತು ಬರಿ."

"ಇದನ್ನ ಯಾರೂ ನೋಡಲ್ಲ ಅಮ್ಮ. ಡಬ್ಬಿ ಒಂದೇ ನೋಡೋದು."

"ಡಬ್ಬಿಗೂ ಗೊತ್ತಾಗಲಿ, ಯಾರ ಮನೇಲಿದೀನಿ ಅಂತ."

ಐವತ್ತು ಬರೆದ. ಆಮೇಲೆ ಸರದಿ. ಮೊದಲ ಸ್ಥಾನ ನನ್ನ ನಾಲ್ಕು ಕ್ಯಾಮೆರಾಗಳಿಗೆ: ಗೇಟು, ಅಂಗಳ, ಕಾರ್ಖಾನೆಯ ಬಾಗಿಲು, ಮೇಲಕ್ಕೆ ಹೋಗುವ ಮೆಟ್ಟಿಲು. ಅವು ನನ್ನ ಕಣ್ಣುಗಳು, ಟ್ಯಾಬ್‌ನಲ್ಲಿ ಕೂತಲ್ಲೇ ಎಲ್ಲ ನೋಡುತ್ತೇನೆ. ಎರಡನೆಯದು ನನ್ನ ಟ್ಯಾಬ್, ಆಮೇಲೆ ಕಾರ್ಖಾನೆ, ಆಮೇಲೆ ಮಗ. ಮನೆಗೆ ಕೊನೆಯಲ್ಲಿ ಬಂದವಳದ್ದು ಕೊನೆಯಲ್ಲಿ. ಊಟದ ಪಂಕ್ತಿಯಾದರೂ ಅಷ್ಟೆ, ನೆಟ್ಟಾದರೂ ಅಷ್ಟೆ. 

ಕೆಲಸ ಅಚ್ಚುಕಟ್ಟಾಗಿ ಮುಗಿಯಿತು.

ಫೆಬ್ರವರಿ 8, ಶನಿವಾರ

ಮತ್ತೆ ನಿಂತಿತಂತೆ. ಈ ಸಲ ಅವಳೇ ಕೆಳಗೆ ಬಂದಳು.

"ಅತ್ತೆ, ನಂಗೆ ಅವರು ಚೆನ್ನಾಗಿ ಕಾಣ್ತಾರೆ. ಅವರಿಗೇ ನಾನು ಕಾಣಲ್ಲ."

"ಅದು ಹೇಗಾಗುತ್ತೆ? ಕಿಟಕಿ ಅಂದಮೇಲೆ ಎರಡೂ ಕಡೆಯಿಂದ ಕಾಣಬೇಕಲ್ಲ."

"ಬರೋ ದಾರಿ ದೊಡ್ಡದು, ಹೋಗೋ ದಾರಿ ಚಿಕ್ಕದು ಅತ್ತೆ. ನನ್ನ ಕೈ ಅಲ್ಲಿ ಅರ್ಧದಲ್ಲಿ ನಿಂತುಬಿಡುತ್ತೆ. ಬಾಯಿಮಾತಾದ್ರೆ ಒಂದು ಪದ ಹೋದ್ರೂ ಊಹೆ ಮಾಡ್ಕೋಬಹುದು. ಕೈ ನಿಂತ್ರೆ ಮಾತು ಬೇರೇನೇ ಆಗಿಬಿಡುತ್ತೆ."

"ಕೈ ಆಡಿಸೋದರಲ್ಲಿ ಇಷ್ಟೊಂದಾ?"

"ಆಡಿಸೋದಲ್ಲ ಅತ್ತೆ. ಅದು ಭಾಷೆ."

ಎದುರುತ್ತರ ಕೊಡುವ ದನಿಯಲ್ಲ. ಇದು ಉಪ್ಪು, ಇದು ಸಕ್ಕರೆ ಎಂದು ತೋರಿಸುವ ದನಿ. 

ಅವಳು ಹೋದ ಮೇಲೆ ಯೋಚನೆ ಹತ್ತಿಕೊಂಡಿತು. ನೋಡುವುದು ಒಂದು ದಾರಿಯಲ್ಲಿ, ಕಾಣಿಸಿಕೊಳ್ಳುವುದು ಇನ್ನೊಂದು ದಾರಿಯಲ್ಲಿ! ಇಷ್ಟು ದಿನ ಎರಡೂ ಒಂದೇ ಎಂದುಕೊಂಡಿದ್ದೆ.

ಫೆಬ್ರವರಿ 11, ಮಂಗಳವಾರ

ನೆಟ್ ಕಂಪೆನಿಗೆ ಫೋನು ಮಾಡಿದೆ. ಒಬ್ಬ ಹುಡುಗಿ ಸಿಕ್ಕಳು.

"ರೂಟರಲ್ಲಿ ಅಪ್‌ಲೋಡ್ ಎಷ್ಟು ಅಂತ ಹಾಕಿದೀರ, ಮೇಡಂ?"

"ಐವತ್ತು."

"ನಿಮ್ಮ ಲೈನ್ ಇರೋದು ಹತ್ತರದು."

"ಗೊತ್ತು."

"ಮತ್ತೆ ಐವತ್ತು ಯಾಕೆ?"

"ಅದು ನಮ್ಮ ಮನೆ ವಿಷಯ."

ಅವಳು ನಗು ತಡೆದುಕೊಂಡದ್ದು ನನಗೆ ಕೇಳಿಸಿತು. "ಒಂಬತ್ತು ಹಾಕಿ ನೋಡಿ, ಮೇಡಂ."

"ಹತ್ತಿರೋದಕ್ಕೆ ಒಂಬತ್ತಾ? ಇರೋದನ್ನೂ ಬಿಟ್ಟುಕೊಡೋದಾ?"

"ಹಾಕಿ ನೋಡಿ."

ಫೋನು ಕುಕ್ಕಿ ಕೆಳಗೆ ಕಾರ್ಖಾನೆಗೆ ಇಳಿದೆ. ಅಲ್ಲಿ ಇನ್ನೊಂದು ತಲೆನೋವು. ನಮ್ಮಲ್ಲಿ ಹೊಲಿಯುವ ಮಷಿನ್ ಎಷ್ಟೇ ಇದ್ದರೂ ಗುಂಡಿಯ ತೂತು ಹೊಲಿಯುವ ಕಾಜಾ ಮಷಿನ್ ಒಂದೇ. ಎಲ್ಲ ಅಂಗಿಯೂ ಅದನ್ನು ಹಾದೇ ಹೊರಗೆ ಹೋಗಬೇಕು. ಹೊಸದಾಗಿ ಸೇರಿದ ಮೇಲ್ವಿಚಾರಕ ಬೆಳಗಿನಿಂದ ಹೊಲಿದದ್ದನ್ನೆಲ್ಲ ಕಾಜಾ ಹೆಂಗಸಿನ ಮುಂದೆ ಸುರಿದಿದ್ದ. ಅವಳು ಆ ರಾಶಿಯ ಹಿಂದೆ ಕಾಣುತ್ತಲೇ ಇರಲಿಲ್ಲ. ಇವತ್ತೇ ಹೋಗಬೇಕಾದ ಅಂಗಿಗಳು ಎಲ್ಲೋ ಅಡಿಯಲ್ಲಿ.

"ಎಷ್ಟು ಸಲ ಹೇಳಬೇಕು ನಿಂಗೆ? ಅವಳ ಕೈಲಿ ಎಷ್ಟಾಗುತ್ತೋ ಅದಕ್ಕಿಂತ ಒಂದು ಕಟ್ಟು ಕಮ್ಮಿ ಕೊಡು. ರಾಶಿ ಬೀಳಬಾರದು. ರಾಶಿ ಬಿದ್ರೆ ಅರ್ಜೆಂಟಿಂದು ಯಾವುದು, ನಾಳೇದು ಯಾವುದು ಅಂತ ಯಾರಿಗೆ ಗೊತ್ತಾಗುತ್ತೆ? ಹತ್ತು ಆಗೋಳಿಗೆ ಐವತ್ತು ತಂದು ಸುರಿದ್ರೆ..."

ಅಲ್ಲಿಗೆ ನನ್ನ ಮಾತು ನಿಂತಿತು.

ಕತ್ತರಿ ಹಿಡಿದಿದ್ದ ಕಟಿಂಗ್ ಮಾಸ್ತರರು ತಲೆಯೆತ್ತಿದರು. ನಾನು ಸೊಸೆಯಾಗಿ ಬರುವ ಮೊದಲಿಂದಲೂ ಇರುವವರು, ಅವರಿಗೆ ಮಾತ್ರ ನನ್ನ ಹತ್ತಿರ ಸಲಿಗೆ. "ಏನಮ್ಮಾವ್ರೇ, ಬೈಗುಳ ಅರ್ಧಕ್ಕೇ ನಿಂತೋಯ್ತು? ಮೈ ಹುಷಾರಿದೆ ತಾನೆ?"

ನೇರವಾಗಿ ಮೇಲೆ ಬಂದೆ. ಪುಟವನ್ನು ನಾನೇ ತೆರೆದೆ, ಒಂದೊಂದೇ ಅಕ್ಷರ ಹುಡುಕಿ ಒತ್ತಿ. ಮೊದಲು ಹಾಕಿದ್ದ ಅಂಕೆ ತಪ್ಪಾಗಿತ್ತು. ಒಂಬತ್ತು ಎಂದು ಬರೆದೆ.

ಕಾರ್ಖಾನೆ ಮುಚ್ಚಿ ಎಲ್ಲರೂ ಹೋದ ಮೇಲೆ ಸೊಸೆ ತನ್ನ ಅಮ್ಮನಿಗೆ ವಿಡಿಯೊ ಕರೆ ಮಾಡಿ ಪರೀಕ್ಷಿಸಿದಳು. ಒಮ್ಮೆಯೂ ನಿಲ್ಲಲಿಲ್ಲ. ಪುಟದಲ್ಲಿ ಮೇಲಕ್ಕೆ ಹೋಗುವ ಬಾಣದ ಲೆಕ್ಕ ತೋರಿಸುವ, ಗುಡ್ಡಗುಡ್ಡವಾಗಿ ಏಳುತ್ತಿದ್ದ ಗೆರೆ ತೊಳೆದು ಹರಡಿದ ಬಟ್ಟೆಯ ಹಾಗೆ ಸಪಾಟಾಗಿ ಮಲಗಿತ್ತು. ಇದ್ದದ್ದಕ್ಕಿಂತ ಕಡಿಮೆ ಕೇಳಿದ್ದಕ್ಕೆ ಹೆಚ್ಚು ಸಿಕ್ಕಿತು!  ನನ್ನ ಕಾಜಾ ಮಷಿನ್ನಿನ ನಿಯಮ ಆ ಪುಟ್ಟ ಡಬ್ಬಿಯೊಳಗೂ ನಡೆಯುತ್ತದೆ. ಅದನ್ನು ಅಲ್ಲಿಗೆ ಯಾರು ಹೇಳಿಕೊಟ್ಟರೋ!

ಫೆಬ್ರವರಿ 14, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ, ಆದರೂ ಬರೆಯುತ್ತೇನೆ.

ಇವತ್ತು ಸಮವಸ್ತ್ರ ಸಾಗಿಸುವ ದಿನ. ಗೇಟಿನಲ್ಲಿ ಲಾರಿ, ಅಂಗಳದ ತುಂಬ ಮೂಟೆ ಹೊತ್ತ ಆಳುಗಳು. ನೆಟ್ ಹೇಗಿದೆ ಎಂದು ಕೇಳೋಣವೆಂದು ನಾನು ಮೇಲಕ್ಕೆ ಹತ್ತಿದೆ. ಹೊಗಳಿಸಿಕೊಳ್ಳಲು ಅಲ್ಲ, ವಿಚಾರಿಸಲು. ಬಾಗಿಲು ಅರ್ಧ ತೆರೆದಿತ್ತು.

ತೆರೆಯ ಮೇಲೆ ಆಸ್ಪತ್ರೆಯ ಕೋಣೆ. ಹಾಸಿಗೆಯ ಮೇಲೆ ತುಂಬು ಬಸುರಿ, ಪಕ್ಕದಲ್ಲಿ ಡಾಕ್ಟರಮ್ಮ. ಈಚೆ ನನ್ನ ಸೊಸೆ. ನಾನು ಅವಳನ್ನು ಆ ಕೆಲಸದಲ್ಲಿ ನೋಡಿದ್ದು ಅದೇ ಮೊದಲು. ಬಟ್ಟೆ ಹಿಡಿಯುವ ಕೈ ನೋಡಿ ಕೆಲಸದವರನ್ನು ಆರಿಸುವವಳು ನಾನು, ಕೈಯ ವಿಷಯದಲ್ಲಿ ನನಗೆ ಮೋಸವಾಗುವುದಿಲ್ಲ. ಇಂಥ ಕೈಗಳನ್ನು ನಾನು ನೋಡಿರಲಿಲ್ಲ. ಒಂದು ಬೆರಳೂ ಸುಮ್ಮನೆ ಏಳುವುದಿಲ್ಲ. ಡಾಕ್ಟರಮ್ಮನ ಬಾಯಿಂದ ಮಾತು ಬೀಳುವಷ್ಟರಲ್ಲಿ ಇವಳ ಕೈ ಅದನ್ನು ಎತ್ತಿಕೊಂಡಾಗಿರುತ್ತದೆ. ಹುಬ್ಬು, ತುಟಿ, ಹೆಗಲು ಎಲ್ಲವೂ ಮಾತಾಡುತ್ತವೆ. ಆ ಬಸುರಿ ಏನೋ ಹೇಳಿ ಕೈಯಲ್ಲೇ ತಮಾಷೆ ಮಾಡಿದಳು. ಇವಳು ನಗುತ್ತ ಅದನ್ನು ಬಾಯಲ್ಲಿ ಹೇಳಿದಳು, ಡಾಕ್ಟರಮ್ಮನೂ ನಕ್ಕರು. ಮೂರು ಜನರ ನಡುವೆ ಒಂದೇ ನಗು, ಎರಡು ಭಾಷೆಯಲ್ಲಿ.

ಆಗ ಡಾಕ್ಟರಮ್ಮ, "ಮಗುವಿನ ಹೃದಯ ಚೆನ್ನಾಗಿ ಬಡೀತಿದೆ ಅಂತ ಹೇಳಿ" ಎಂದರು.

ಸೊಸೆಯ ಕೈ ಎದೆಯ ಬಳಿ ಹೋಯಿತು, ಮುಂದಕ್ಕೆ ಸಾಗಿತು, ಮಾತು ಮುಗಿಸಿತು. ಆದರೆ ತೆರೆಯ ಮೇಲಿನ ಆ ಹೆಂಗಸಿನ ಮುಖದಲ್ಲಿ ಮಾತು ಮುಗಿಯಲಿಲ್ಲ. ಅವಳು ಕಾಯುತ್ತಿದ್ದಳು. ಆಮೇಲೆ ನಿಧಾನವಾಗಿ ತನ್ನ ಕೈಯೆತ್ತಿ ಎದೆಯ ಬಳಿ ತಂದು ಅಲ್ಲೇ ಗಟ್ಟಿಯಾಗಿ ನಿಲ್ಲಿಸಿದಳು. ‘ನಿನ್ನ ಕೈ ಇಲ್ಲಿ ನಿಂತಿದೆ’ ಎಂದು ತೋರಿಸುತ್ತಿದ್ದಳು. ಅವಳಿಗೆ ತಲುಪಿದ್ದು ಅಷ್ಟೇ. ಮಗುವಿನ ಹೃದಯ. ಆಮೇಲೆ ಏನೂ ಇಲ್ಲ. ಅವಳ ಮುಖ ಬಿಳಿಚಿಕೊಳ್ಳುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ.

ಸದ್ದು ಮಾಡದೆ ಇಳಿದು ಬಂದೆ.

ಫೆಬ್ರವರಿ 15, ಶನಿವಾರ

ಸಂಜೆ ಸೊಸೆಯನ್ನು ಕೇಳಿದೆ. "ಆ ಹೆಂಗಸಿಗೆ ಕೊನೆಗೆ ತಿಳೀತಾ?"

ನಾನು ನೋಡಿದ್ದು ಅವಳಿಗೆ ಗೊತ್ತಿರಲಿಲ್ಲ. ಹೇಳಿದಳು: "ಚೀಟಿ ಬರೆದು ತೋರಿಸಿದ್ರಂತೆ ಅತ್ತೆ. ಅವರಿಗೆ ಓದೋದು ಅಷ್ಟಾಗಿ ಬರಲ್ಲ. ಆಮೇಲೆ ಚಿತ್ರ ಮತ್ತೆ ಸರಿಯಾದಾಗ ನಾನೇ ಹೇಳಿದೆ. ಹೆರಿಗೆಗೆ ನಾನೇ ಬೇಕು ಅಂತಿದಾರೆ. ಆಸ್ಪತ್ರೆಯವರು ಇನ್ನೊಂದು ಸಲ ಹೀಗಾದ್ರೆ ಬೇರೆಯವರನ್ನ ನೋಡ್ಕೋತೀವಿ ಅಂದಿದಾರೆ."

"ಮತ್ತೆ ನೀನು ನನಗೆ ಬಂದು ಹೇಳಬಾರದಿತ್ತಾ?"

"ಹೇಳಿದ್ನಲ್ಲ ಅತ್ತೆ."

ಹೌದು, ಹೇಳಿದ್ದಳು.

ಒಂಬತ್ತು ಎಂದು ಬರೆದ ಮೇಲೂ ಯಾಕೆ ನಿಂತಿತು? ಪುಟ ತೆರೆದು ನಿನ್ನೆಯ ಲೆಕ್ಕ ನೋಡಿದೆ. ಡಬ್ಬಿ ಎಲ್ಲವನ್ನೂ ನೆನಪಿಟ್ಟುಕೊಂಡಿದೆ! ಮೇಲಕ್ಕೆ ಹೋಗುವ ಬಾಣದಲ್ಲಿ ನಾಲ್ಕು ಕ್ಯಾಮೆರಾಗಳು ಗುಡ್ಡದ ಹಾಗೆ ಎದ್ದು ನಿಂತಿದ್ದವು. ಮಗನನ್ನು ಕರೆದು ಕೇಳಿದೆ. ಏನಾದರೂ ಅಲುಗಾಡಿದರೆ ಕ್ಯಾಮೆರಾ ಹೆಚ್ಚು ಕಳಿಸುತ್ತದಂತೆ. ಮೆಟ್ಟಿಲಿನ ಚಿತ್ರ ನಾಲ್ಕು ಹೆಜ್ಜೆ ಆಚೆಯಿರುವ ನನ್ನ ಟ್ಯಾಬ್‌ಗೆ ನೇರವಾಗಿ ಬರುವುದಿಲ್ಲವಂತೆ. ಮನೆಯಿಂದ ಹೊರಟು, ಯಾವುದೋ ದೇಶದ ಕಂಪೆನಿಯ ಯಂತ್ರದೊಳಗೆ ಹೊಕ್ಕು, ತಿರುಗಿ ನನ್ನ ಕೈಗೆ ಬರುತ್ತದಂತೆ, ಅದೂ ರೆಪ್ಪೆ ಬಡಿಯುವುದರೊಳಗೆ. 

"ಮುಂಚೆ ಅಂಕೆ ತಪ್ಪಿತ್ತಲ್ಲ ಅಮ್ಮ, ಆಗ ಜಾಗ ಬೇಕಾದಷ್ಟಿದೆ ಅಂದ್ಕೊಂಡು ಡಬ್ಬಿ ಸರದಿನೇ ನೋಡ್ತಿರಲಿಲ್ಲ. ಈಗ ಅಂಕೆ ಸರಿಯಾಯ್ತು. ನೀವು ಹೇಳಿದ ಸರದೀನ ಚಾಚೂ ತಪ್ಪದೆ ಪಾಲಿಸ್ತಿದೆ."

ಈ ಮನೆಯಲ್ಲಿ ಇಷ್ಟು ನಿಷ್ಠೆಯಿಂದ ನನ್ನ ಮಾತು ಕೇಳಿದವರು ಇನ್ನೊಬ್ಬರಿಲ್ಲ.

ಮಗ ಹೋದ ಮೇಲೆ ಸೊಸೆಯ ಚಿತ್ರ ನಿಂತ ಹೊತ್ತನ್ನು ಹುಡುಕಿದೆ. ಆಗ ಎಲ್ಲಕ್ಕಿಂತ ಎತ್ತರಕ್ಕೆ ಎದ್ದದ್ದು ಮೆಟ್ಟಿಲಿನ ಕ್ಯಾಮೆರಾ. ಟ್ಯಾಬ್‌ನಲ್ಲಿ ಆ ಹೊತ್ತಿನ ಚಿತ್ರ ತೆಗೆದೆ. ಸೀರೆಯ ನೆರಿಗೆ ಎತ್ತಿ ಹಿಡಿದು ಒಬ್ಬ ಹೆಂಗಸು ಮೆಟ್ಟಿಲು ಹತ್ತುತ್ತಾಳೆ, ಮೇಲಿನ ಬಾಗಿಲ ಬಳಿ ನಿಲ್ಲುತ್ತಾಳೆ, ಅಲ್ಲೇ ಕಾಲು ಬದಲಿಸುತ್ತಾಳೆ. ಆ ಮಗುವಿನ ಹೃದಯದ ಮಾತನ್ನು ಪಕ್ಕಕ್ಕೆ ನಿಲ್ಲಿಸಿ ಮುಂದೆ ಹೋದದ್ದು ಆ ಚಿತ್ರ.

ಕ್ಯಾಮೆರಾಗಳನ್ನು ಕೊನೆಗೆ ಹಾಕಿದೆ.

ಫೆಬ್ರವರಿ 16, ಭಾನುವಾರ

ಟ್ಯಾಬ್‌ನಲ್ಲಿ ನೋಡಿದರೆ ಗೇಟಿಗೆ ಬಂದವನಿಗೆ ತಲೆಯೇ ಇಲ್ಲ. ಅಂಗಳದಲ್ಲಿ ಅರ್ಧ ನಾಯಿ. ಮಗ ಫೋನಿನಿಂದ ಯಾರಿಗೋ ಫೋಟೋ ಕಳಿಸುತ್ತಿದ್ದನಂತೆ, ಕೊನೆಯ ಸ್ಥಾನದಲ್ಲಿ ಚಿತ್ರಗಳು ಹೀಗೆ ಚೂರುಚೂರಾಗಿ ಬರುತ್ತವೆ. ಇವತ್ತು ಸೊಸೆಗೆ ಕರೆಯೂ ಇಲ್ಲ. ಕಣ್ಣಿಲ್ಲದ ಮನೆಯಲ್ಲಿ ಕೂತಿರಲಾಗಲಿಲ್ಲ. ಕ್ಯಾಮೆರಾಗಳನ್ನು ಮತ್ತೆ ಮೊದಲಿಗೆ ಹಾಕಿದೆ. ಕರೆ ಇರುವ ದಿನ ನೋಡಿಕೊಂಡರಾಯಿತು.

ಫೆಬ್ರವರಿ 18, ಮಂಗಳವಾರ

ಹೆರಿಗೆ ಮುಂದಿನ ವಾರ ಎಂದಿದ್ದರು. ಮಧ್ಯಾಹ್ನವೇ ನೋವು ಶುರುವಾಯಿತಂತೆ. ಸೊಸೆ ಊಟದ ತಟ್ಟೆ ಬಿಟ್ಟು ಮೇಲಕ್ಕೆ ಓಡಿದಳು. ಗೇಟಿನಲ್ಲಿ ಎರಡನೆಯ ಲಾರಿ ತುಂಬುತ್ತಿತ್ತು, ಆಳುಗಳು ಒಳಗೂ ಹೊರಗೂ. ಪುಟ ತೆರೆದು ಗುಟ್ಟಿನ ಪದ ಹುಡುಕಿ ಒತ್ತುವಷ್ಟು ತಾಳ್ಮೆ ನನ್ನ ಬೆರಳುಗಳಿಗೆ ಇರಲಿಲ್ಲ. ಎರಡು ಸಲ ತಪ್ಪಿತು. ನಾಲ್ಕೂ ಕ್ಯಾಮೆರಾದ ವಯರು ಸೇರುವ ಪ್ಲಗ್ಗು ನಡುಮನೆಯ ಮೂಲೆಯಲ್ಲಿದೆ. ಹೋಗಿ ಕಿತ್ತೆಸೆದೆ.

ಆಮೇಲೆ ಮೇಲೆ ಹೋಗಿ ಕಂಪ್ಯೂಟರಿಗೆ ಕಾಣದ ಹಾಗೆ ಬಾಗಿಲ ಪಕ್ಕ ನೆಲದ ಮೇಲೆ ಕೂತೆ. ಸೊಸೆ ಒಮ್ಮೆ ನನ್ನತ್ತ ನೋಡಿದಳು. ಹೋಗಿ ಎನ್ನಲಿಲ್ಲ.

ಉಸಿರು ಎಳೆಯುವುದನ್ನು ಕೈಯಲ್ಲಿ ಹೇಳಬಹುದು, ಬಿಡುವುದನ್ನೂ ಹೇಳಬಹುದು. ತಡೆ, ಈಗ, ಇನ್ನೊಂದು ಸಲ, ಆಯಿತು ಆಯಿತು. ನನ್ನ ಸೊಸೆಯ ಹಣೆಯಿಂದ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಅವಳಿಗೆ ಕೈ ಬಿಡುವಿರಲಿಲ್ಲ. ಆ ತಾಯಿ ನೋವಿನಲ್ಲಿ ಕಣ್ಣು ಮುಚ್ಚುವಳು, ಕಣ್ಣು ತೆರೆದಾಗಲೆಲ್ಲ ಈ ಕೈಗಳು ಅಲ್ಲಿರುತ್ತಿದ್ದವು. ಒಮ್ಮೆಯೂ ನಿಲ್ಲಲಿಲ್ಲ.

ಮಗು ಹುಟ್ಟಿತು. ಅಳು ನಮ್ಮ ಕೋಣೆಯಲ್ಲೆಲ್ಲ ತುಂಬಿತು. ಹೆತ್ತವಳಿಗೆ ಮಾತ್ರ ಅದು ಕೇಳಿಸಲಿಲ್ಲ. ಮಗುವನ್ನು ಪಕ್ಕಕ್ಕೆ ಒಯ್ದಿದ್ದರು. ಅವಳು ಗಾಬರಿಯಿಂದ ತೆರೆಯನ್ನೇ, ನನ್ನ ಸೊಸೆಯನ್ನೇ ನೋಡಿದಳು. ಆಗ ಇವಳು ಎರಡು ಕೈಗಳನ್ನೂ ಬಾಯಿಯ ಬಳಿಯಿಂದ ಅಲೆಅಲೆಯಾಗಿ ಬಿಡಿಸಿದಳು. ಅಳು ಜೋರಾದಾಗ ಕೈ ದೊಡ್ಡದಾಯಿತು, ಉಸಿರು ತೆಗೆದುಕೊಂಡಾಗ ಕೈ ಕಾದು ನಿಂತಿತು, ಸಣ್ಣಗಾದಾಗ ಬೆರಳ ತುದಿಗೆ ಇಳಿಯಿತು. ಮಗು ಅತ್ತ ಹಾಗೆಯೇ, ಒಂದು ಬಿಕ್ಕೂ ಬಿಡದೆ. ಆ ತಾಯಿಯ ಮುಖ ಅರಳುವುದನ್ನು ನಾನು ನೋಡಿದೆ. ಅವಳು ತನ್ನ ಮಗುವಿನ ಅಳು ಕೇಳುತ್ತಿದ್ದಳು.

ಆ ಕೋಣೆಯಲ್ಲಿ ಹುಟ್ಟಿದ ಅಳು ಇಲ್ಲಿಗೆ ಬಂದು, ನಮ್ಮ ಹುಡುಗಿಯ ಕೈಯಾಗಿ, ಬೀರುವಿನ ಮೇಲಿನ ಡಬ್ಬಿಯನ್ನು ಹಾದು, ನನ್ನ ಮನೆಯ ಗೋಡೆ ದಾಟಿ, ಮತ್ತೆ ಅದೇ ಕೋಣೆಗೆ ಹೋಗಿ ಅವಳಿಗೆ ಮುಟ್ಟಿತು.  

ಫೆಬ್ರವರಿ 19, ಬುಧವಾರ

ಆಸ್ಪತ್ರೆಯವರು ನಮ್ಮ ಹುಡುಗಿಯನ್ನು ಕಾಯಂ ಮಾಡಿದರು. ಬಂದು ಹೇಳಿದಳು. "ಅವರಿಗೇನು, ಪುಣ್ಯ ಮಾಡಿದ್ರು" ಎಂದೆ.

ಬೆಳಿಗ್ಗೆ ಮಗ, "ಅಮ್ಮ, ಕ್ಯಾಮೆರಾ ಪ್ಲಗ್ ಬಿದ್ದುಹೋಗಿತ್ತು, ಮತ್ತೆ ಹಾಕಿದೀನಿ" ಎಂದ.

"ಬಿದ್ದದ್ದಲ್ಲ. ನಾನು ಕಿತ್ತದ್ದು."

"ಮತ್ತೆ ಗೇಟಿಗೆ ಬಂದುಹೋಗೋರನ್ನ ಯಾರು ನೋಡೋದು?"

"ಕ್ಯಾಮೆರಾ ಬರೋಕೆ ಮುಂಚೆ ಯಾರು ನೋಡಿದ್ರು? ಕಿಟಕಿ ತೆಗೆದ್ರೆ ಗೇಟು ಕಾಣುತ್ತೆ."

"ಕೊನೇ ಸ್ಥಾನಕ್ಕೆ ಹಾಕಿದ್ರೆ ಸಾಕಿತ್ತಲ್ಲ ಅಮ್ಮ."

"ತಲೆಯಿಲ್ಲದ ಮನುಷ್ಯರನ್ನ ನೋಡ್ಕೊಂಡು ಕೂರೋಕೆ ನನಗಾಗಲ್ಲ. ನೋಡಿದ್ರೆ ಪೂರ್ತಿ ನೋಡಬೇಕು. ಇಲ್ಲಾಂದ್ರೆ ಬೇಡ."

ಮಧ್ಯಾಹ್ನ ಎಲೆಕ್ಟ್ರಿಷಿಯನ್ನನ್ನು ಕರೆಸಿ ಗೇಟು, ಅಂಗಳ, ಕಾರ್ಖಾನೆಯ ಮೂರನ್ನೂ ತೆಗೆಸಿದೆ. ಪುಟ ತೆರೆದು ಪಟ್ಟಿಯ ಮೊದಲ ಸ್ಥಾನಕ್ಕೆ ಸೊಸೆಯ ಕಂಪ್ಯೂಟರನ್ನು ಏರಿಸಿದೆ. ಮೆಟ್ಟಿಲಿನ ಕ್ಯಾಮೆರಾ ಮುಟ್ಟಲು ಅವನನ್ನು ಬಿಡಲಿಲ್ಲ. ಸ್ಟೂಲು ಹಾಕಿಕೊಂಡು ಅದನ್ನು ನಾನೇ ಇಳಿಸಿದೆ.